ಎರಡು ಕಾಲಿನ ಮೇಲೆ ನಿಂತ ಹಸು

ನಮ್ಮ ಸೋದರಮಾವನಷ್ಟು ಮೂಕಪ್ರಾಣಿಗಳನ್ನು ಹಿಂಸಿಸಿದ ಮನುಷ್ಯ ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಹಾಗಂತ ಅವರು ಯಾವ ನಾಯಿಗೂ ಕಲ್ಲು ಹೊಡೆದವರಲ್ಲ, ಯಾವ ಬೆಕ್ಕನ್ನೂ ಅಟ್ಟಿಸಿಕೊಂಡು ಹೋದವರಲ್ಲ. ಅವುಗಳ ಚಿತ್ರ ಬರೆಯುತ್ತಿದ್ದರು, ಅಷ್ಟೇ! ಅವರ ಕುಂಚಕ್ಕೆ ಸಿಕ್ಕ ಒಂದೇ ಒಂದು ಪ್ರಾಣಿಯೂ ನಾಲ್ಕು ಕಾಲೂರಿ ನೆಮ್ಮದಿಯಾಗಿ ನಿಂತದ್ದನ್ನು ನಾನು ನೋಡಿಲ್ಲ. ಎಲ್ಲವೂ ಹಿಂಗಾಲಿನ ಮೇಲೆ ಎದ್ದು, ನಾಲಿಗೆ ಚಾಚಿ, ಉಗುರು ತೆರೆದು, ಬಾಲವನ್ನು ಜಿಲೇಬಿಯಂತೆ ಸುತ್ತಿಕೊಂಡು, ಯಾರನ್ನೋ ಹರಿದು ತಿನ್ನಲು ಹೊರಟಂತೆ ಇರುತ್ತಿದ್ದವು. ಮೊಲ ಕೂಡ!

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ತೊಂಬತ್ತರ ದಶಕದ ಆರಂಭದಲ್ಲಿ ಮಕ್ಕಳನ್ನು ಮೈಸೂರಿಗೆ ಪ್ರವಾಸಕ್ಕೆ ಕರೆದುಕೊಂಡು ಹೋಗುವವರೆಗೂ ಅವರು ನಮ್ಮ ನಿಮ್ಮಂತೆಯೇ ಇದ್ದರು. ಅಲ್ಲಿ ಅರಮನೆಯ ಗಂಡಭೇರುಂಡ, ಅದರ ಆಚೀಚೆ ನಿಂತ ಆನೆ ಸೊಂಡಿಲಿನ ಸಿಂಹಗಳು ಕಣ್ಣಿಗೆ ಬಿದ್ದವು. ಬಿದ್ದದ್ದೇ ಬಿದ್ದದ್ದು, ಮಾವ ಮತ್ತೆ ಮೇಲೇಳಲಿಲ್ಲ. ಮಕ್ಕಳನ್ನು ಎಣಿಸುವ ಕೆಲಸವನ್ನು ಪಿ.ಟಿ. ಮೇಷ್ಟ್ರಿಗೆ ಬಿಟ್ಟು ಗೋಡೆಯ ಮುಂದೆಯೇ ನಿಂತುಬಿಟ್ಟರಂತೆ. ಆಮೇಲೆ ಮೃಗಾಲಯಕ್ಕೆ ಹೋದಾಗ ಅಲ್ಲಿ ಮಲಗಿದ್ದ ನಿಜವಾದ ಸಿಂಹವನ್ನು ನೋಡಿ, "ನಾಲಿಗೆ ಕಾಣ್ತಿಲ್ಲ, ಬಾಲ ನೆಲಕ್ಕೆ ಬಿದ್ದಿದೆ. ತಪ್ಪು" ಅಂದರಂತೆ. ಆ ದಿನದಿಂದ ಸೃಷ್ಟಿಕರ್ತ ಬ್ರಹ್ಮ ನಮ್ಮ ಮಾವನ ಡ್ರಾಯಿಂಗ್ ಕ್ಲಾಸಿನಲ್ಲಿ ಫೇಲಾದ ವಿದ್ಯಾರ್ಥಿ.

ಊರಿಗೆ ಬಂದವರು ಸರ್ಕಾರಿ ಲಕೋಟೆಗಳ ಮೇಲಿನ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡತೊಡಗಿದರು. ಲಾಂಛನ ಶಾಸ್ತ್ರ ಅಂತ ತಮ್ಮದೇ ಒಂದು ಶಾಸ್ತ್ರ ಕಟ್ಟಿದರು. ಲಾಂಛನದ ಪ್ರಾಣಿ ಮಲಗಬಾರದು, ಮೇಯಬಾರದು, ಬಾಯಿ ಮುಚ್ಚಬಾರದು. ಬಣ್ಣದಲ್ಲಿ ನೆರಳು ಬೆಳಕು ಇರಕೂಡದು. ಯಾಕೆ ಮಾವ ಅಂದರೆ, "ಯುದ್ಧಭೂಮೀಲಿ ಮೈಲಿ ದೂರದಿಂದ ಗುರುತು ಸಿಗಬೇಕು ಕಣೋ" ಎನ್ನುತ್ತಿದ್ದರು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕುವಾಗ ನಡೆಯುವುದನ್ನು ಬಿಟ್ಟರೆ ಇಲ್ಲಿ ಯಾವ ಯುದ್ಧ ನಡೆಯುತ್ತದೆ ಹೇಳಿ?

ಅವರ ಕೆಲಸದ ವಿಧಾನವನ್ನೂ ಹೇಳಬೇಕು. ಕಂದು ಹಾಳೆಯನ್ನು ನಡುವೆ ಮಡಚಿ ಒಂದು ಕಡೆ ಅರ್ಧ ಪ್ರಾಣಿ ಬರೆಯುವುದು. ಗೆರೆಯುದ್ದಕ್ಕೂ ಗುಂಡುಪಿನ್ನಿನಿಂದ ಚುಚ್ಚುವುದು. ಹಾಳೆ ಬಿಡಿಸಿ, ಬೋರ್ಡಿನ ಮೇಲಿಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದರೆ ತೂತುಗಳ ಮೂಲಕ ಎರಡೂ ಅರ್ಧ ಒಂದೇ ಥರ ಮೂಡುತ್ತವೆ. ಎರಡು ತಲೆಯ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಒಪ್ಪೋಣ. ಮಾವ ಎಲ್ಲ ಪ್ರಾಣಿಗಳ ಮುಖವನ್ನೂ ಹೀಗೆಯೇ ಮಾಡುತ್ತಿದ್ದರು. "ದೇವರು ಅರ್ಧ ಬರೆದು ಮಡಚಿದಾನೆ ಕಣೋ, ಎಲ್ಲಾ ಪ್ರಾಣೀನೂ" ಎನ್ನುತ್ತಿದ್ದರು. ಆ ಅರ್ಧವನ್ನಾದರೂ ಪ್ರಾಣಿಯನ್ನು ನೋಡಿ ಬರೆದಿದ್ದರೆ ಏನಾದರೂ ಹೇಳಬಹುದಿತ್ತು.

ಇಂಥವರ ಹೆಂಡತಿಯಾದ ನಮ್ಮ ಅತ್ತೆಗೆ ಒಂದೇ ಒಂದು ಆಸೆ. ಕೊಟ್ಟಿಗೆಯಲ್ಲಿದ್ದ ಅವರ ಹಸು ಕೆಂಪಿಯ ಚಿತ್ರವೊಂದು ಬೇಕು, ಅವಳು ಇದ್ದ ಹಾಗೆ. ಮಕ್ಕಳಿಲ್ಲದ ಮನೆಯಲ್ಲಿ ಕೆಂಪಿ ಕರುವಾಗಿದ್ದಾಗಿನಿಂದ ಅತ್ತೆಯ ಕೈಯಲ್ಲೇ ಬೆಳೆದವಳು. ಸೀರೆ ಕೇಳಲಿಲ್ಲ, ಸರ ಕೇಳಲಿಲ್ಲ, ತೀರ್ಥಯಾತ್ರೆ ಕೇಳಲಿಲ್ಲ. ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಒಂದು ಡ್ರಾಯಿಂಗ್ ಕೇಳಿದರು. ಮಾವ ಮೊದಲ ಸಲ ತಗಡಿನ ಮೇಲೆ ಬರೆದುಕೊಟ್ಟರು. ಕೆಂಪಿ ಕಿರೀಟ ಧರಿಸಿ, ಎರಡು ಕಾಲಿನ ಮೇಲೆ ನಿಂತು, ಕತ್ತಿ ಹಿಡಿದಿದ್ದಳು! ಅತ್ತೆ ಅದನ್ನು ಒಯ್ದು ಬಚ್ಚಲಿನ ಹಂಡೆಗೆ ಮುಚ್ಚಳ ಮಾಡಿಕೊಂಡರು.

ಹೊರಗಿನವರು ಇಷ್ಟು ಸಹನೆ ತೋರಿಸಬೇಕೆಂದು ಎಲ್ಲಿದೆ? ಮಾಸ್ತಿಯ ಹತ್ತಿರದ ಒಂದು ಹಳ್ಳಿಯವರು ಹಾಲಿನ ಸಂಘಕ್ಕೆ ಬೋರ್ಡು ಬರೆದುಕೊಡಿ ಎಂದು ಮಾವನನ್ನು ಕರೆದರು. ಪಾಪ, ಊರೆಲ್ಲ ಸೇರಿ ಬಾಳೆಲೆ ಊಟ ಹಾಕಿದರು. ಬೋರ್ಡಿನ ಮೇಲಿನ ಬಟ್ಟೆ ತೆಗೆದಾಗ ಕಂಡದ್ದು ಗುರಾಣಿಯೊಳಗೆ ಘರ್ಜಿಸುತ್ತಿರುವ ಒಂದು ಹಸು. ಗೊರಸಿನ ಜಾಗದಲ್ಲಿ ಪಂಜ. ಹಾಲಿನ ಕ್ಯಾನು ಹಿಡಿದುಕೊಂಡಿದ್ದ ಒಬ್ಬ ಅಜ್ಜಿ ಮುಂದೆ ಬಂದು ಬೋರ್ಡಿನ ಕೆಳಗೆ ಬಗ್ಗಿ ನೋಡಿ ಕೇಳಿದಳು:

"ಕೆಚ್ಚಲೆಲ್ಲಿ ಮೇಷ್ಟ್ರೇ?"

"ಲಾಂಛನದಲ್ಲಿ ಕೆಚ್ಚಲು ಹಾಕೋ ಪದ್ಧತಿ ಇಲ್ಲ ಕಣಮ್ಮ."

"ಮತ್ತೆ ನಾವು ಸಂಘಕ್ಕೆ ಏನು ಹಾಕೋದು?"

ಊರಿನವರು ಬೋರ್ಡನ್ನು ತಿರುಗಿಸಿ ಹಿಂಬದಿಯಲ್ಲಿ ಬರೀ ಅಕ್ಷರ ಬರೆಸಿಕೊಂಡರು. ಮನೆಗೆ ಬಂದ ಮಾವ ಹಳ್ಳಿಯವರಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಸಂಜೆಯವರೆಗೂ ಬೈದರು. ಅತ್ತೆ ಕೆಂಪಿಯ ಹಾಲು ಕರೆಯುತ್ತಾ ಎಲ್ಲ ಕೇಳಿಸಿಕೊಂಡು, "ಆಯ್ತು, ಈಗ ಪುರುಸೊತ್ತಾಗಿದೀರಲ್ಲ, ಇವಳದ್ದು ಬರೀರಿ" ಎಂದರು. ಮಾವ ಎದ್ದು ಹೊರಟುಹೋದರು.

ಶ್ರೀನಿವಾಸಪುರದ ಮಾವಿನಕಾಯಿ ಮಂಡಿಯವರ ಕಥೆ ಇನ್ನೂ ಚೆನ್ನ. ಅವರಿಗೆ ಬೇಕಾಗಿದ್ದದ್ದು ಒಂದು ಮಾವಿನ ಹಣ್ಣು. ಹಣ್ಣು ಅಂದಮೇಲೆ ಅದನ್ನು ಎತ್ತಿ ಹಿಡಿಯುವ ಪ್ರಾಣಿಗಳು ಬೇಡವೇ? ಮಾವ ಎರಡು ಕಡೆ ಎರಡು ಗಿಳಿ ನಿಲ್ಲಿಸಿದರು. ಗಿಳಿಗಳೋ, ರಣಹದ್ದಿನ ಕೊಕ್ಕಿನವು! ಮಂಡಿಯ ಯಜಮಾನರು ನೋಡಿ, "ಏಮಿ ಸಾಮಿ ಇದಿ, ಏನಿದು? ವರ್ಷಾ ವರ್ಷಾ ಇವನ್ನ ತೋಟದಲ್ಲಿ ತಮಟೆ ಬಡಿದು ಓಡಿಸ್ತೀವಿ. ನೀವು ಕರ್ಕೊಂಡು ಬಂದು ಬಾಗಿಲಲ್ಲೇ ಕೂರಿಸಿದ್ದೀರಲ್ಲ" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಮಾವ ಕುಗ್ಗುವವರೇ? ಆ ಬೋರ್ಡನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ವಾಪಸ್ ತಂದು ನಡುಮನೆಯಲ್ಲಿ ನೇತುಹಾಕಿದರು. ಕೆಂಪಿಯ ಚಿತ್ರಕ್ಕೆಂದು ಅತ್ತೆ ಮೊಳೆ ಹೊಡೆಸಿಟ್ಟಿದ್ದ ಜಾಗ ಅದು.

ನಾನೂ ಬಚಾವಾಗಲಿಲ್ಲ. ಅವರ ಮನೆಯ ಬೀದಿಯಲ್ಲೇ ನಾನು ಮನೆ ಕಟ್ಟಿಸಿದಾಗ ಕೇಳದೆಯೇ ಬಂದು ಗೇಟಿನ ಮೇಲೆ ಎರಡು ಸಿಂಹ ಬರೆದುಹೋದರು. ಬಿಸಿಲಿಗೆ ಬಾಯಾರಿದಂತೆ ನಾಲಿಗೆ ಇಳಿಬಿಟ್ಟ ಸಿಂಹಗಳು. ಗೃಹಪ್ರವೇಶಕ್ಕೆ ಬಂದವರೆಲ್ಲ ರಸ್ತೆಯಲ್ಲೇ ನಿಂತು, "ನಾಯಿ ಕಟ್ಟಿಹಾಕಿದೀರಾ?" ಎಂದು ಕೇಳಿ ಒಳಗೆ ಬಂದರು. ಪೋಸ್ಟ್‌ಮ್ಯಾನ್ ಅಂತೂ ಇವತ್ತಿಗೂ ಕಾಂಪೌಂಡಿನ ಮೇಲಿಂದಲೇ ಕಾಗದ ಎಸೆದುಹೋಗುತ್ತಾನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಾವ ನಿವೃತ್ತರಾದರು, ಅತ್ತೆಯ ಮಂಡಿ ಸವೆಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಸಗಣಿ ಬಾಚುವ ಕೆಲಸ ಬಿಡಲೇಬೇಕು ಎಂದು ಕೋಲಾರದ ಡಾಕ್ಟರು ಹೇಳಿದರು. ಕೆಂಪಿಗೂ ವಯಸ್ಸಾಗಿತ್ತು, ಹಾಲು ಬತ್ತಿತ್ತು. ಹುತ್ತೂರಿನ ಕಡೆ ತೋಟದಲ್ಲಿದ್ದ ಅತ್ತೆಯ ತಮ್ಮ ತಾನು ಸಾಕಿಕೊಳ್ಳುತ್ತೇನೆಂದ. ಅತ್ತೆ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ? ಮಾವನನ್ನು ಮಾತ್ರ ಕೊನೆಯ ಸಲ ಕೇಳಿದರು.

"ಅವಳು ಹೋಗೋದ್ರೊಳಗೆ ಒಂದು ಬರ್ಕೊಡಿ. ಇದ್ದ ಹಾಗೆ. ಕಿರೀಟ ಗಿರೀಟ ಬೇಡ."

ಈ ಸಲ ಮಾವ ಹೂಂ ಅಂದರು. ಕಂದು ಹಾಳೆ ಬಂತು, ಮಡಚಿದ್ದೂ ಆಯಿತು, ಚುಚ್ಚಿದ್ದೂ ಆಯಿತು. ಕಿರೀಟವಿರಲಿಲ್ಲ, ನಿಜ. ಎರಡು ಕೊಂಬೂ ಅಳತೆ ಹಿಡಿದಂತೆ ಮೇಲಕ್ಕೆ ನಿಂತಿದ್ದವು. ಹಣೆಯ ಬಿಳಿ ಮಚ್ಚೆ ಸರಿಯಾಗಿ ನಡುವೆ ಇತ್ತು. ಅಭ್ಯಾಸಬಲದಿಂದ ಒಂದು ಮುಂಗಾಲು ಸ್ವಲ್ಪ ಎದ್ದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಕೇಳಿದರು:

"ಇದು ಯಾರ ಹಸು ರೀ?"

ಕೆಂಪಿಯ ಒಂದು ಕೊಂಬು ಕಿವಿಯ ಮೇಲಕ್ಕೆ ಬಾಗಿತ್ತು. ಮಚ್ಚೆ ಒಂದು ಕಣ್ಣಿನ ಕಡೆ ಜಾರಿತ್ತು. ಮಡಚಿ ಚುಚ್ಚಿದರೆ ಬರುವ ಮುಖ ಅದಲ್ಲ. ಮಾವ ಸೋಲೊಪ್ಪಿದರೇ? "ನಿನ್ನ ಹಸುವೇ ಸರಿಯಿಲ್ಲ ಕಣೇ. ಒಂದು ಕೊಂಬು ಮೇಲೆ, ಒಂದು ಕೆಳಗೆ. ಇದನ್ನ ಯಾವ ಲಾಂಛನದಲ್ಲಿ ಕೂರಿಸೋದು?" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಮಾರನೆಯ ದಿನ ಟೆಂಪೋ ಬಂತು, ಕೆಂಪಿ ಹೋದಳು. ಚಿತ್ರವಿಲ್ಲ.

ಅತ್ತೆ ಅಳಲಿಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಗಳ ಕಲಗಚ್ಚಿನ ಬಕೆಟ್ಟು ಹಿಡಿದು ಕುಂಟುತ್ತಾ ಕೊಟ್ಟಿಗೆಯವರೆಗೆ ಹೋಗುತ್ತಿದ್ದರು. ಅಲ್ಲಿ ನೆನಪಾಗಿ, ತೆಂಗಿನ ಮರದ ಬುಡಕ್ಕೆ ಸುರಿದು ಬರುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ. ಮಾವ ಪೇಪರಿನ ಮರೆಯಿಂದ ಇದನ್ನು ನೋಡುತ್ತಿದ್ದರು. ಒಂದು ದಿನ ನನ್ನ ಮನೆಗೆ ಬಂದು ತಗ್ಗಿದ ದನಿಯಲ್ಲಿ, "ಲೇ, ಕೆಂಪಿಗೆ ಯಾವ ಕಡೆ ಕೊಂಬು ಕಣೋ ಬಾಗಿದ್ದು?" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಹಸುವಿನ ಕೊಂಬನ್ನು ಪಕ್ಕದ ಬಾಗಿಲಿಗೆ ಬಂದು ವಿಚಾರಿಸುವ ಚಿತ್ರಕಾರ! ಅತ್ತೆಯನ್ನೇ ಕೇಳಿ ಮಾವ ಅಂದೆ. "ಅವಳನ್ನ ಹೇಗೆ ಕೇಳ್ಲೋ" ಅಂದರು.

ಮಾರನೆಯ ಬೆಳಿಗ್ಗೆ ಕೋಲಾರದಲ್ಲಿ ಬಣ್ಣ ತರಬೇಕೆಂದು ಹೇಳಿ, ಡ್ರಾಯಿಂಗ್ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಬಣ್ಣ ತರಲು ಬೋರ್ಡು ಯಾಕೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಸಂಜೆ ಅತ್ತೆಯ ತಮ್ಮ ನನಗೆ ಫೋನು ಮಾಡಿದ.

"ನಿಮ್ಮ ಮಾವ ಇಲ್ಲಿ ಕೊಟ್ಟಿಗೇಲಿ ಕೂತವ್ರೆ ಕಣಪ್ಪಾ. ಬರೀತಾರೆ, ಹರೀತಾರೆ. ಹಸು ಎದ್ರೆ ಕೂತ್ಕೋ ಅಂತಾರೆ, ಕೂತ್ರೆ ಏಳು ಅಂತಾರೆ. ಅದು ಇವರ ಹಾಳೇನೆಲ್ಲಾ ತಿಂತಾ ಅದೆ. ಏನ್ ಮಾಡ್ಲಿ?"

"ಹಸುಗೆ ಹೊಟ್ಟೆ ಕೆಡದ ಹಾಗೆ ನೋಡ್ಕೋ" ಎಂದೆ. ಅತ್ತೆಗೆ, ಮಾವ ತಮ್ಮನ ಮನೆಯಲ್ಲಿ ಉಳಿದುಕೊಂಡಿದ್ದಾರೆ ಎಂದಷ್ಟೇ ಹೇಳಿದೆ. ಮನೆಯಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಮಾರನೆಯ ದಿನ ಹೊತ್ತು ಇಳಿಯುವಾಗ ಅತ್ತೆಯ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಮಾವ ಮುಂದಿನ ಸೀಟಿನಿಂದ ಇಳಿಯಲಿಲ್ಲ. ಹಿಂದಿನಿಂದ ಇಳಿದರು, ಹಗ್ಗ ಹಿಡಿದುಕೊಂಡು. ಪಂಚೆಯೆಲ್ಲ ಸಗಣಿ. ಹಗ್ಗದ ಇನ್ನೊಂದು ತುದಿಯಲ್ಲಿ ಕೆಂಪಿ. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಮಾವ ತಲೆಯೆತ್ತಲಿಲ್ಲ.

"ಬರೆಯೋಕೆ ಬರ್ಲಿಲ್ಲ ಕಣೇ. ಕರ್ಕೊಂಡು ಬಂದೆ."

ಅತ್ತೆ ಮೆಟ್ಟಿಲಿಳಿದು ಹೋಗಿ ಕೆಂಪಿಯ ಬಾಗಿದ ಕೊಂಬಿನ ಮೇಲೆ ಕೈಯಿಟ್ಟರು. "ಸಗಣಿ ಯಾರು ಬಾಚೋದು?" ಎಂದರು.

"ನಾನು."

"ನಿಮಗೆ ಬರುತ್ತಾ?"

"ನೀನು ಹೇಳ್ಕೊಡು."

ಈ ಮನುಷ್ಯನನ್ನು ನೋಡಿ ಅಷ್ಟು ವರ್ಷ ನಕ್ಕವನು ನಾನು. ಆ ಕ್ಷಣ ಅವರ ಮೇಲೆ ಪ್ರೀತಿ ಉಕ್ಕಿಬಂತು. ಅತ್ತೆ ಕಣ್ಣೊರೆಸಿಕೊಂಡು, "ಹುಲ್ಲು ತಂದಿದೀರಾ?" ಎಂದರು. ಮಾವ ಕೆಂಪಿಯ ಮುಖ ನೋಡಿದರು, ಟೆಂಪೋ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಸ್ಕೂಟರ್ ತೆಗೆದುಕೊಂಡು ಹುಲ್ಲು ತರಲು ಹೊರಟೆ.