ನಾನು ಅಳಿಸಿದ ಆತ್ಮಕಥೆ

ಹೊಳೆನರಸೀಪುರದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಹೆಂಡತಿ ಶಾಂತಾ ವಿಂಡೋಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡುವವಳು, ನಾನು ಪುಟ ಜೋಡಿಸುವವನು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಪುಟ ಜೋಡಿಸಲು ಮ್ಯಾಕ್ ಕಂಪ್ಯೂಟರೇ ಸರಿ ಎಂದು ಯಾರೋ ಹೇಳಿದ್ದನ್ನು ನಂಬಿ, ಹಾಸನದಿಂದ ಹಳೆಯದೊಂದು ಮ್ಯಾಕ್ ತಂದೆ. ತಂದ ಮೇಲೆ ನೋಡಿದರೆ ಅದಕ್ಕೆ ಫ್ಲಾಪಿ ತೂರಿಸುವ ಬಾಯೇ ಇಲ್ಲ! ಶಾಂತಾ ಟೈಪ್ ಮಾಡಿದ್ದನ್ನು ಇದರೊಳಕ್ಕೆ ತರುವುದು ಹೇಗೆ?

"ಕೇಬಲ್ ಹಾಕಿ ಎರಡನ್ನೂ ಜೋಡಿಸ್ಬಿಡ್ತೀನಿ," ಎಂದೆ.

"ಗೊತ್ತಿರೋರನ್ನ ಕರೆಸಿ," ಎಂದಳು ಶಾಂತಾ.

ಮನೆಯಲ್ಲೇ ನಾನಿರುವಾಗ ಗೊತ್ತಿರುವವರು ಬೇರೆ ಯಾಕೆ?

ಎರಡು ದಿನ ಯಂತ್ರಗಳು ಮುಖ ತಿರುಗಿಸಿಕೊಂಡು ಕೂತಿದ್ದವು. ಮೂರನೆಯ ದಿನ ಒಂದಕ್ಕೊಂದು ಗುರುತು ಹಿಡಿದವು. ಶಾಂತಾಳ ಫೋಲ್ಡರುಗಳೆಲ್ಲ ನನ್ನ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಅವೆಲ್ಲ ನಕಲು ಎಂದುಕೊಂಡೆ. ಮ್ಯಾಕಿನಲ್ಲಿ ಜಾಗ ಕಮ್ಮಿ ಕಂಡಿತು, ಸದ್ಯಕ್ಕೆ ಬೇಡದ ಒಂದನ್ನು ಅಳಿಸಿದೆ. ಅದು ನಕಲಾಗಿರಲಿಲ್ಲ. ಅವಳ ಕಂಪ್ಯೂಟರಿನೊಳಗಿದ್ದ ಮೂಲವನ್ನೇ ನಾನು ಇಲ್ಲಿಂದ ಅಳಿಸಿದ್ದೆ. ಅಲ್ಲಿನ ಕಸದ ಬುಟ್ಟಿಯಲ್ಲಿ ಹುಡುಕಿದರೆ ಅಲ್ಲೂ ಇಲ್ಲ.

ಅದು ಸುಶೀಲಮ್ಮ ಟೀಚರ್ ಅವರ ಆತ್ಮಕಥೆ. ಮೂರನೇ ತರಗತಿಯಲ್ಲಿ ನನಗೆ ಕನ್ನಡ ಕಲಿಸಿದವರು. ಈಗ ಕೈ ನಡುಗುತ್ತಿದ್ದುದರಿಂದ, ನಾಲ್ಕು ತಿಂಗಳು ದಿನಾ ನಮ್ಮಲ್ಲಿಗೆ ಬಂದು ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ದರು. ಬೇರೆ ಪ್ರತಿ ಇರಲಿಲ್ಲ.

"ನೀವೇ ಹೋಗಿ ಹೇಳಿ," ಎಂದಷ್ಟೇ ಹೇಳಿ ಶಾಂತಾ ಒಳಗೆ ಹೋದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಟೀಚರ್ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸುದ್ದಿ ಕೇಳಿ ಕೈ ನಿಂತಿತು.

"ಪೂರ್ತಿನಾ?"

"ಪೂರ್ತಿ, ಟೀಚರ್."

"ನಮ್ಮತ್ತೆ ವಿಚಾರನೂ ಹೋಯ್ತಾ?"

"ಹೋಯ್ತು."

ಮತ್ತೆ ಕಾಯಿ ಸುಲಿಯತೊಡಗಿದರು. "ಹೋಗ್ಲಿ ಬಿಡು. ಅದನ್ನ ಸಿಟ್ಟಲ್ಲಿ ಹೇಳ್ಬಿಟ್ಟಿದ್ದೆ. ನಾನು ಟ್ರೈನಿಂಗಿಗೆ ಹೋದಾಗ ಮಗೂನ ನೋಡ್ಕೊಂಡೋರು ಅವರೇ ಅಲ್ವಾ, ಅದನ್ನ ಹೇಳ್ಲೇ ಇಲ್ಲ. ನಾಳೆಯಿಂದ ಬತ್ತೀನಿ ಕಣಪ್ಪ, ಮೊದಲಿಂದ ಹೇಳ್ತೀನಿ."

ಈ ಸಲ ಶಾಂತಾ ಟೈಪ್ ಮಾಡಲು ನನ್ನನ್ನೇ ಕೂರಿಸಿದಳು. ನನ್ನದು ಎರಡೇ ಬೆರಳು. ಟೀಚರ್ ಒಂದು ವಾಕ್ಯ ಹೇಳಿ, ನಾನು ಮುಗಿಸುವಷ್ಟರಲ್ಲಿ ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದರು. ಹೊಳೆ ಉಕ್ಕಿದ ದಿನ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಂಡು ಗಂಜಿ ಕಾಯಿಸಿದ್ದು, ಮೊದಲ ಸಂಬಳದಲ್ಲಿ ಅತ್ತೆಗೆ ಸೀರೆ ತಂದದ್ದು, ಆ ಸೀರೆಯನ್ನು ಅತ್ತೆ ಒಂದು ದಿನವೂ ಉಡದೆ ಜೋಪಾನವಾಗಿ ಇಟ್ಟಿದ್ದು. ಇದನ್ನೆಲ್ಲ ನಾನು ಜಾಗ ಸಾಲದೆಂದು ತೆಗೆದುಹಾಕಿದ್ದೆ.

ಮೊದಲ ಹತ್ತು ಪುಟ ಮುದ್ರಿಸಿ ಕೊಟ್ಟೆ. ಟೀಚರ್ ಕನ್ನಡಕ ಏರಿಸಿ ಓದಿದರು. 'ಹೊಳೆ' ಇರಬೇಕಾದಲ್ಲೆಲ್ಲ 'ಒಳೆ', 'ಹಬ್ಬ' ಇರಬೇಕಾದಲ್ಲೆಲ್ಲ 'ಅಬ್ಬ'. ಶಾಂತಾಳ ಕಡೆ ತಿರುಗಿದರು.

"'ನನ್ನ ಹತ್ರ ಕಲಿತ ಮಕ್ಕಳು ತಪ್ಪಿಲ್ಲದೆ ಬರೀತಾರೆ' ಅಂತ ಒಂದು ಸಾಲಿದೆ ನೋಡಮ್ಮ, ಅದನ್ನ ತೆಗೆದುಬಿಡು."