ಬೆನ್ನು ಮುರಿದ ಕುರ್ಚಿಯನ್ನು ರಿಪೇರಿ ಮಾಡಿಸಬಾರದೆಂಬ ಕೋರಿಕೆ

ಇಂದ,
ಪ್ರಕಟಣೆ ವಿಭಾಗದ ಧ್ವನಿ
(ಸದ್ಯ ಹೆರಿಗೆ ರಜೆಯಲ್ಲಿ),
ಬಸ್ ನಿಲ್ದಾಣ.

ಗೆ,
ಮಾನ್ಯ ಮೇಲ್ವಿಚಾರಕರು,
ಅದೇ ಬಸ್ ನಿಲ್ದಾಣ.

ವಿಷಯ: ನಿಲ್ದಾಣದ ಮೈಕಿನಲ್ಲಿ ಅನಧಿಕೃತ ಪ್ರಕಟಣೆ ಹೊರಟ ಬಗ್ಗೆ ವಿವರಣೆ ಹಾಗೂ ಪ್ರಕಟಣೆ ಕೋಣೆಯ ಬೆನ್ನು ಮುರಿದ ಕುರ್ಚಿಯನ್ನು ಇದ್ದ ಸ್ಥಿತಿಯಲ್ಲೇ ಅರ್ಜಿದಾರಳಿಗೆ ಕೊಡುವ ಬಗ್ಗೆ.

ಉಲ್ಲೇಖ: (1) "ಅಲ್ಲಾಡಬೇಡ" ಎಂಬ ಪ್ರಕಟಣೆ ಯಾರನ್ನು ಉದ್ದೇಶಿಸಿದ್ದು ಎಂದು ಕೇಳಿ ತಾವು ಕಳಿಸಿದ ನೋಟಿಸು. (2) ಅದೇ ನೋಟಿಸಿನ ಅಂಚಿನಲ್ಲಿ ತಾವು ಪೆನ್ಸಿಲಿನಿಂದ ಬರೆದ "ಮಗು ಹೇಗಿದೆ?" ಎಂಬ ಟಿಪ್ಪಣಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ, ನೋಟಿಸಿನ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಹಿಂದುಮುಂದು ತಿಳಿಯದೆ ಆ ಒಂದು ಸಾಲನ್ನು ಓದಿದವರು ಅರ್ಜಿದಾರಳಿಗೆ ತಲೆ ಕೆಟ್ಟಿದೆಯೆಂದು ಕಡತದಲ್ಲಿ ಬರೆದುಬಿಡುವ ಸಂಭವವಿದೆ. ಕಾರಣ, ನಡೆದದ್ದನ್ನು ನಡೆದ ಹಾಗೆಯೇ ಕೆಳಗೆ ವಿವರಿಸಲಾಗಿದೆ. ಕಚೇರಿ ಪದ್ಧತಿಯಂತೆ ಅರ್ಜಿದಾರಳು ತನ್ನನ್ನು "ಅವಳು" ಎಂದು ಕರೆದುಕೊಂಡಿದ್ದಾಳೆ. ಹಾಗೆ ಬರೆದರೆ ಕೆಲವು ಸಂಗತಿಗಳನ್ನು ಹೇಳುವುದು ಸುಲಭವೆಂದು ಈಗ ಗೊತ್ತಾಗಿದೆ.

1. ಅರ್ಜಿದಾರಳಿಗೆ ಹೆಣ್ಣುಮಗುವಾಗಿದೆ. ಮನೆಯಲ್ಲಿ ಎಲ್ಲರೂ ಅದನ್ನು ಬುಗುರಿ ಎನ್ನುತ್ತಾರೆ. ಮೊದಮೊದಲು ಬುಗುರಿ ಹಾಲು ಕುಡಿಯುವುದು, ಮಲಗುವುದು, ಬಟ್ಟೆ ಒದ್ದೆ ಮಾಡುವುದು ಎಂಬ ತನ್ನ ಕರ್ತವ್ಯಗಳನ್ನು ಯಾವ ಲೋಪವೂ ಇಲ್ಲದೆ ನಿರ್ವಹಿಸುತ್ತಿತ್ತು. ಆಮೇಲೆ ಪೂರ್ವಸೂಚನೆಯಿಲ್ಲದೆ ಮುಷ್ಕರ ಹೂಡಿತು. ಹಸಿದು ಎದೆಗೆ ಬಾಯಿ ಹಾಕುತ್ತಿತ್ತು, ಗಟಗಟನೆ ಕೆಲವು ಗುಟುಕು ನುಂಗುತ್ತಿತ್ತು, ಕೂಡಲೇ ಮುಖ ಕಿತ್ತುಕೊಂಡು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಕೆಂಪಗಾಗಿ, ಸೂರು ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಬೇಡವೇನೋ ಎಂದು ಎತ್ತಿಕೊಂಡರೆ ಮತ್ತೆ ಎದೆಗೇ ಮೂತಿ ತಿಕ್ಕುತ್ತಿತ್ತು. ಬೇಕು, ಬೇಡ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ಪ್ರಯಾಣಿಕರನ್ನು ಅವಳು ನಿಲ್ದಾಣದಲ್ಲೂ ಕಂಡಿರಲಿಲ್ಲ.

2. ಈ ಬಗ್ಗೆ ಮನೆಯಲ್ಲಿ ವಿಚಾರಣೆ ನಡೆಯಿತು. ಅತ್ತೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಲೆಕ್ಕವನ್ನು ಒಂದೇ ಹೆಜ್ಜೆಯಲ್ಲಿ ಮುಗಿಸಿದರು.

"ಹಾಲು ಸಾಲ್ತಿಲ್ಲ ಕಣೇ. ಸಾಲ್ತಿದ್ರೆ ಅದು ಯಾಕೆ ಅಳುತ್ತೆ?"

ಅಂದಿನಿಂದ ಅವಳ ತಟ್ಟೆಗೆ ಎಲ್ಲವೂ ಎರಡೆರಡು ಸಲ ಬೀಳತೊಡಗಿತು. ಕುಡಿದ ಲೋಟ ಕೆಳಗಿಡುವಷ್ಟರಲ್ಲಿ ತುಂಬಿದ ಲೋಟ ಮುಂದೆ ಬರುತ್ತಿತ್ತು.

ಗಂಡನದು ಕನ್ನಡಕದ ಅಂಗಡಿ. ಗಿರಾಕಿಯ ಕಣ್ಣಿಗೆ ಒಂದೊಂದೇ ಗಾಜು ಹಾಕಿ ತೆಗೆದು, ಯಾವುದು ವಾಸಿ ಎಂದು ಕೇಳುವುದು ಅವನ ದಿನದ ಕೆಲಸ. ಆದಕಾರಣ ಅವನು ಕಿಟಕಿಯ ಪರದೆ ಎಳೆದ, ಫ್ಯಾನು ನಿಲ್ಲಿಸಿದ, ದಿಂಬು ಬದಲಿಸಿದ, ಮಗುವನ್ನು ಎಡದಿಂದ ಬಲಕ್ಕೆ ದಾಟಿಸಿದ. ಪ್ರತಿ ಸಲವೂ ಅದರ ಮುಖದ ಹತ್ತಿರ ಬಗ್ಗಿ, "ಈಗ ವಾಸೀನಾ? ಮೊದಲಿದ್ದಿದ್ದೇ ವಾಸೀನಾ?" ಎಂದು ಕೇಳಿದ. ಬುಗುರಿ ಎರಡಕ್ಕೂ ಒಂದೇ ಉತ್ತರ ಕೊಟ್ಟಿತು.

3. ಈ ಅಂಶ ನೋಟಿಸಿಗೆ ನೇರವಾಗಿ ಸಂಬಂಧಿಸಿಲ್ಲ. ಆದರೂ ದಾಖಲಾಗಿರಲಿ. ಸಾಲದು, ಸಾಲದು ಎಂದು ಕೇಳಿ ಕೇಳಿ ಅದು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ನಿಲ್ದಾಣದ ಮೂಲೆಮೂಲೆಗೂ ಯಾರ ಧ್ವನಿ ಮುಟ್ಟುತ್ತಿತ್ತೋ ಅವಳು ಮನೆಯಲ್ಲಿ ಪಿಸುಗುಟ್ಟತೊಡಗಿದಳು. ಮಗು ಮುಖ ತಿರುಗಿಸಿದಾಗಲೆಲ್ಲ, ಅದು ತಿರುಗಿಸುತ್ತಿರುವುದು ಹಾಲಿನಿಂದಲ್ಲ, ತನ್ನಿಂದಲೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಚ್ಚಲಿನ ನಲ್ಲಿ ಜೋರಾಗಿ ತಿರುಗಿಸಿಟ್ಟು ಅತ್ತದ್ದೂ ಉಂಟು. ಹೊರಗೆ ಬಂದಾಗ ಅತ್ತೆ, "ಅಷ್ಟೊತ್ತು ಏನು ತೊಳೀತಿದ್ದೆ?" ಎಂದರು. "ಬಟ್ಟೆ" ಎಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ. ಅಂದೇ ಸಂಜೆ ಹಾಲಿನ ಪುಡಿಯ ಡಬ್ಬಿ ಬಂದು ಅಡುಗೆಮನೆಯ ಕಪಾಟಿನಲ್ಲಿ ಕೂತಿತು. ಮರುದಿನ ರಜೆ ವಿಸ್ತರಣೆಯ ಕಾಗದವನ್ನು ನಿಲ್ದಾಣಕ್ಕೆ ಕೊಟ್ಟುಬಂದು, ಡಬ್ಬಿ ಒಡೆದು, ತಾನು ಸೋತೆ ಎಂದು ಒಪ್ಪಿಕೊಳ್ಳುವುದೆಂದು ಅವಳು ತೀರ್ಮಾನಿಸಿದಳು.

4. ಸದರಿ ಮರುದಿನ ಅವಳು, ಅತ್ತೆ ಮತ್ತು ಬುಗುರಿ ನಿಲ್ದಾಣಕ್ಕೆ ಬಂದರು. ತಾವು ಕಚೇರಿಯಲ್ಲಿ ಇರಲಿಲ್ಲ. ಪ್ಲಾಟ್‌ಫಾರಂ ತಪಾಸಣೆಗೆ ಹೋಗಿರುವುದಾಗಿ ತಿಳಿದುಬಂದ ಕಾರಣ ಪ್ರಕಟಣೆ ಕೋಣೆಯಲ್ಲಿ ಕಾಯಬೇಕಾಯಿತು. ಅಷ್ಟರಲ್ಲಿ ಮಗು ಹಸಿವಿನಿಂದ ಕಿರುಚತೊಡಗಿತು. ಅವಳ ಬದಲಿಗೆ ಕೆಲಸ ಮಾಡುತ್ತಿರುವ ಹುಡುಗಿ ಕಿಟಕಿ ಮುಚ್ಚಲು ಓಡಿದಳು. ಕೋಣೆಯಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ಬಡಗಿಗಾಗಿ ಕಾಯುತ್ತ ಮೂಲೆ ಸೇರಿದ್ದ, ಒರಗಿದರೆ ಬೆನ್ನು ಹಿಂದಕ್ಕೆ ಬಿದ್ದುಹೋಗುವ ಕುರ್ಚಿ. ಅವಳು ಕೂತಳು. ಕುರ್ಚಿ ತನ್ನ ಸ್ವಭಾವಕ್ಕೆ ತಕ್ಕಂತೆ ಬಿತ್ತು. ಅವಳು ಮುಕ್ಕಾಲು ಪಾಲು ಮಲಗಿದಂತಾದಳು. ಮಗು ಅವಳ ಎದೆಯ ಮೇಲೆ ಬೋರಲಾಗಿ ಬಂದು ಬಿತ್ತು.

ಹಾಗೆಯೇ ಬಾಯಿ ಹಾಕಿತು. ಕುಡಿಯಿತು. ಮುಖ ಎತ್ತಲಿಲ್ಲ, ಬೆನ್ನು ಬಿಲ್ಲಾಗಲಿಲ್ಲ. ಅವಳು ಏಳಲೆಂದು ಕಾಲು ಸರಿಸಿದ್ದೇ ತಡ, ಗಣಿತದ ತರಗತಿಯ ಕೊನೆ ಬೆಂಚಿಗೂ ಕೇಳುತ್ತಿದ್ದ ಕಂಠದಲ್ಲಿ ಅತ್ತೆ ಹೇಳಿದರು: "ಅಲ್ಲಾಡಬೇಡ. ಇದ್ದಲ್ಲೇ ಇರು. ಒಂಚೂರೂ ಅಲ್ಲಾಡಬೇಡ."

ಬದಲಿ ಹುಡುಗಿ ಅವಸರದಲ್ಲಿ ಮೈಕನ್ನು ಆರಿಸುವುದು ಮರೆತಿದ್ದಳು.

5. ಮುಂದಿನದ್ದು ತಮಗೆ ತಿಳಿದೇ ಇದೆ. ನಿಲ್ದಾಣ ಕಲ್ಲಾಯಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಒಂದೇ ಕಾಲಿನಲ್ಲಿ ನಿಂತರು. ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಚಾಲಕರು ಬ್ರೇಕು ಒತ್ತಿ, ಎರಡೂ ಕೈ ಮೇಲೆತ್ತಿದರೆಂದು ಕೇಳಿಬಂದಿದೆ. ಆ ನಿಶ್ಶಬ್ದದಲ್ಲಿ ಎಲ್ಲ ಧ್ವನಿವರ್ಧಕಗಳಿಂದಲೂ ಗುಟುಕರಿಸುವ ಸದ್ದು ಬಂತು, ಕೊನೆಗೆ ಒಂದು ದೊಡ್ಡ ತೇಗು. ತಾವು ಓಡಿಬಂದು ಬಾಗಿಲು ತೆರೆದಿರಿ, ಒಳಗಿದ್ದದ್ದನ್ನು ಕಂಡು ತಕ್ಷಣ ಬೆನ್ನು ತಿರುಗಿಸಿ, ಸದ್ದಾಗದಂತೆ ಬಾಗಿಲು ಹಾಕಿದಿರಿ. ಹೊರಗೆ ಕೇಳಲು ಬಂದವರಿಗೆ "ತಾಂತ್ರಿಕ ಕೆಲಸ ನಡೀತಿದೆ" ಎಂದಿರಂತೆ. ಇದಕ್ಕಾಗಿ ಅರ್ಜಿದಾರಳು ಋಣಿ.

6. ಮನೆಗೆ ಹೋದ ಮೇಲೆ ಮತ್ತೆ ಯಥಾಪ್ರಕಾರ ಕಿರುಚಾಟ. ಗಂಡನಿಗೆ ಹೊಸ ಗಾಜು ಹೊಳೆಯಿತು: ಮಗುವಿಗೆ ಬೇಕಾಗಿರುವುದು ಬಸ್ ನಿಲ್ದಾಣದ ಸದ್ದು. ಆದ್ದರಿಂದ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು, ಮೂಗು ಹಿಡಿದುಕೊಂಡು, "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿದ. ಮಗು ಇನ್ನಷ್ಟು ಅತ್ತಿತು.

"ನನ್ನ ಧ್ವನಿ ಮೂಗಿನಿಂದ ಬರುತ್ತಾ?" ಎಂದು ಅವಳು ಕೇಳಿದಳು.

"ಮೈಕಲ್ಲಿ ಸ್ವಲ್ಪ" ಎಂದ ಗಂಡ.

ಎಷ್ಟೋ ದಿನದ ಮೇಲೆ ಅವಳು ನಕ್ಕಳು. ಅತ್ತೆ ಮಾತ್ರ ನಗಲಿಲ್ಲ. ಕಪಾಟಿನ ಡಬ್ಬಿಯನ್ನು ಒಮ್ಮೆ, ಸೊಸೆಯನ್ನು ಒಮ್ಮೆ ನೋಡಿ, "ಅಲ್ಲಿ ಕುಡಿದಿದ್ದು ನಾನೇ ಕಣ್ಣಾರೆ ಕಂಡಿದೀನಿ. ಹಾಲೇ ಇಲ್ಲದಿದ್ರೆ ಅಲ್ಲಿ ಹೇಗೆ ಬಂತು? ಲೆಕ್ಕ ತಾಳೆ ಆಗ್ತಿಲ್ಲ. ನಡಿ, ಆಸ್ಪತ್ರೆಗೆ ಹೋಗೋಣ" ಎಂದರು.

7. ಆಸ್ಪತ್ರೆಯ ತಾಯಿಮಕ್ಕಳ ವಿಭಾಗದ ನರ್ಸ್ ಹಾಲು ಸಾಲುತ್ತಿಲ್ಲವೆಂಬ ದೂರನ್ನೂ ಬಸ್ ನಿಲ್ದಾಣದ ಸಂಗತಿಯನ್ನೂ ಕೇಳಿಕೊಂಡು, ಮಗುವನ್ನು ತೂಗಿ, ತೂಕದ ಕಾರ್ಡು ನೋಡಿದರು.

"ತೂಕ ಚೆನ್ನಾಗಿ ಏರ್ತಿದೆ. ಬಟ್ಟೆ ಒದ್ದೆ ಮಾಡುತ್ತಾ?"

"ಒಣಗಿಸೋಕೆ ಜಾಗ ಇಲ್ಲ" ಎಂದರು ಅತ್ತೆ.

"ಮತ್ತೆ ಸಾಲ್ತಿಲ್ಲ ಅಂತ ಯಾರು ಹೇಳಿದ್ದು?"

ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಗಮನವಿಟ್ಟು ಓದತೊಡಗಿದರು.

ನರ್ಸ್ ತಮ್ಮೆದುರೇ ಹಾಲೂಡಿಸಲು ಹೇಳಿದರು. ಮಗು ಬಾಯಿ ಹಾಕಿತು, ಗಟಗಟ ನುಂಗಿತು, ನೆತ್ತಿಗೇರಿ ಕೆಮ್ಮಿ ಮುಖ ಕಿತ್ತುಕೊಂಡಿತು. ಬಿಟ್ಟ ಕ್ಷಣದಲ್ಲಿ ಹಾಲು ಚಿಮ್ಮಿ ನರ್ಸ್ ಅವರ ಕನ್ನಡಕದ ಮೇಲೆ ಬಿತ್ತು. ಅವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

"ಸಾಕ್ಷಿ ಸಿಕ್ತಲ್ಲ. ಹಾಲು ಕಡಿಮೆ ಅಲ್ಲಮ್ಮ, ರಭಸ ಜಾಸ್ತಿ. ಪೂರ್ತಿ ಬಿಟ್ಟ ನಲ್ಲಿಗೆ ಬಾಯಿ ಇಟ್ಟರೆ ನಾವಾದ್ರೂ ಮುಖ ತಿರುಗಿಸ್ತೀವಿ. ಅದು ನಿನ್ನ ಬೇಡ ಅಂತಿಲ್ಲ, ಸ್ವಲ್ಪ ನಿಧಾನ ಅಂತಿದೆ, ಅಷ್ಟೇ."

ಅವಳು ಮಗುವಿನ ಬಾಯಿ ಒರೆಸಿ ಅದನ್ನು ಎದೆಗೊತ್ತಿಕೊಂಡಳು. ನರ್ಸ್ ಮಾತು ಮುಂದುವರಿಸಿದರು. ಚೆನ್ನಾಗಿ ಹಿಂದಕ್ಕೆ ಒರಗಿ, ಮಗುವನ್ನು ಮೇಲೆ ಮಲಗಿಸಿಕೊಂಡರೆ ಹಾಲು ಮೇಲಕ್ಕೆ ಏರಬೇಕಾದ್ದರಿಂದ ರಭಸ ತಗ್ಗುತ್ತದೆ. ಮೊದಲ ಚಿಮ್ಮು ಬಂದಾಗ ಮಗುವನ್ನು ಬಿಡಿಸಿ, ಆ ಹಾಲನ್ನು ಬಟ್ಟೆಗೆ ಬಿಡಬೇಕು. ನಡುವೆ ಬೆನ್ನು ಸವರಿ ತೇಗು ಬರಿಸಬೇಕು. ಹಸಿದು ರೇಗುವವರೆಗೆ ಕಾಯದೆ, ತುಟಿ ಚಪ್ಪರಿಸಿದಾಗಲೇ ಕುಡಿಸಬೇಕು. "ಎಲ್ಲಾ ಮಕ್ಕಳ ಅಳುಗೂ ಇದೇ ಕಾರಣ ಅಂತಲ್ಲ. ಬಾಯಲ್ಲಿ ಹುಣ್ಣು, ಮೂಗು ಕಟ್ಟಿರೋದು, ಏನು ಬೇಕಾದ್ರೂ ಇರಬಹುದು. ಅದಕ್ಕೇ ನೋಡಿ ಹೇಳ್ಬೇಕು. ಅದಿರಲಿ, ಬಸ್ ಸ್ಟ್ಯಾಂಡಲ್ಲಿ ಹೇಗೆ ಕೂತಿದ್ದೆ?"

ಅವಳು ಕೂತ ಬಗೆಯನ್ನು ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಒರಗಿ ಮಾಡಿ ತೋರಿಸಿದರು.

"ಹೂಂ, ಅದೇ. ಕುರ್ಚಿ ಸರಿಯಾಗೇ ಕೆಟ್ಟಿದೆ" ಎಂದರು ನರ್ಸ್.

8. ಈಗ ಮನೆಯಲ್ಲಿ ಗೋಡೆಗೆ ದಿಂಬು ಜೋಡಿಸಿ ಅದೇ ಭಂಗಿ ಮಾಡಲಾಗುತ್ತಿದೆ. ಮುಷ್ಕರವನ್ನು ಬಹುಪಾಲು ಹಿಂತೆಗೆದುಕೊಳ್ಳಲಾಗಿದೆ. ಒಮ್ಮೊಮ್ಮೆ ಬುಗುರಿ ರೇಗುತ್ತದೆ, ಆದರೆ ಅವಳಿಗೆ ಈಗ ಅದು ಬೈಗುಳದಂತೆ ಕೇಳಿಸುವುದಿಲ್ಲ. ಹಾಲಿನ ಪುಡಿಯ ಡಬ್ಬಿಯನ್ನು ಅತ್ತೆಯೇ ಅಂಗಡಿಗೆ ಹಿಂತಿರುಗಿಸಿ ಬಂದರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಸೊಸೆಗೆ ಹಾಲು ಜಾಸ್ತಿ" ಎಂದು ಹೇಳುತ್ತ ಬಂದದ್ದರಿಂದ ತಡವಾಯಿತು. ಸದರಿ ಹೆಚ್ಚಳಕ್ಕೆ ಅತ್ತೆ ತುಂಬಿಕೊಟ್ಟ ಲೋಟಗಳೇ ಕಾರಣವೆಂದು ಅವರ ವಾದ. ಅರ್ಜಿದಾರಳು ಆಕ್ಷೇಪಿಸಿಲ್ಲ. ಆದರೆ ದಿಂಬುಗಳು ಜಾರುತ್ತವೆ. ಒಂದು ಜಾರಿದರೆ ಉಳಿದವೂ ಹಿಂಬಾಲಿಸುತ್ತವೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಗಣಿಸಿ:

ಅ) "ಅಲ್ಲಾಡಬೇಡ" ಎಂಬುದು ಪ್ರಯಾಣಿಕರನ್ನಾಗಲಿ, ವಾಹನಗಳನ್ನಾಗಲಿ ಉದ್ದೇಶಿಸಿದ್ದಲ್ಲವೆಂಬ ವಿವರಣೆಯನ್ನು ಒಪ್ಪಿಕೊಂಡು, ಬದಲಿ ಹುಡುಗಿಯನ್ನೂ ಬ್ರೇಕು ಒತ್ತಿದ ಚಾಲಕರನ್ನೂ ಏನೂ ಕೇಳದೆ ಬಿಡಬೇಕಾಗಿಯೂ,

ಆ) ಸದರಿ ಕುರ್ಚಿಯನ್ನು ಬಡಗಿಯ ಕೈಗೆ ಸಿಗದಂತೆ ಕಾಪಾಡಿ, ಅರ್ಜಿದಾರಳ ರಜೆ ಮುಗಿಯುವವರೆಗೆ ಅವಳ ಮನೆಗೆ ಕಳಿಸಿಕೊಡಬೇಕಾಗಿಯೂ,

ಇ) ಅವಳು ಕೆಲಸಕ್ಕೆ ಮರಳಿದಾಗ ಕುರ್ಚಿಯೂ ಮರಳುವುದರಿಂದ, ಪ್ರಕಟಣೆ ಕೋಣೆಯಲ್ಲಿ ಅದಕ್ಕೊಂದು ಪರದೆ, ಮೈಕಿಗೊಂದು ಕೆಂಪು ದೀಪ ಹಾಕಿಸಬೇಕಾಗಿಯೂ ಕೋರಲಾಗಿದೆ.

ಉಲ್ಲೇಖ (2)ಕ್ಕೆ ಉತ್ತರ: ಮಗು ಚೆನ್ನಾಗಿದೆ.

ಬಲಗೈ ಖಾಲಿಯಿಲ್ಲದೆ ಎಡಗೈಯಿಂದ ಸಹಿ ಮಾಡಿರುವ
ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕ: ಮಗುವಿನ ತೂಕದ ಕಾರ್ಡಿನ ನಕಲು. ನರ್ಸ್ ಬರೆದುಕೊಟ್ಟ ಚೀಟಿ (ಮೇಲಿನ ಕಲೆ ಹಾಲಿನದು). ಕನ್ನಡಕದ ಅಂಗಡಿಯಿಂದ ಬದಲಿಯಾಗಿ ಒಂದು ಕುರ್ಚಿ, ಬೆನ್ನು ನೆಟ್ಟಗಿರುವಂಥದು.

ವಿಶೇಷ ಸೂಚನೆ: ಕಳಿಸುವ ಮುನ್ನ ಸದರಿ ಕುರ್ಚಿಯಲ್ಲಿ ತಾವು ಸ್ವತಃ ಕೂತು ಪರೀಕ್ಷಿಸಬಾರದಾಗಿ ವಿನಂತಿ. ಅದರಲ್ಲಿ ಕೂತವರಿಗೆ ಒಬ್ಬರೇ ಏಳಲಾಗುವುದಿಲ್ಲ. ಅರ್ಜಿದಾರಳನ್ನು ಕೈಹಿಡಿದು ಎಬ್ಬಿಸಲು ಅತ್ತೆಯಿದ್ದಾರೆ. ತಮಗೆ ಯಾರಿದ್ದಾರೆಂಬುದು ಕಚೇರಿಯ ದಾಖಲೆಗಳಿಂದ ತಿಳಿದುಬರುವುದಿಲ್ಲ.