ಚಿಗವ್ವ ಗ್ಯಾಸ್ ಆರಿಸಿದ್ದು

ಬದನೆಕಾಯಿ ಆರಿಸಿ ಕೊಳ್ಳುವವರನ್ನು ನೀವು ನೋಡಿದ್ದೀರಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆ ಆರಿಸಿ ಅಂಗಡಿಯವನ ಜೀವ ತಿನ್ನುವವರನ್ನೂ ನೋಡಿದ್ದೀರಿ. ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ ಗಾಳಿಯನ್ನು ಆರಿಸಿ ಆರಿಸಿ ಕೊಳ್ಳುವವರನ್ನು ನೋಡಿದ್ದೀರಾ? ಇಲ್ಲವೆಂದರೆ ಬೆಂಗೇರಿಯ ನಮ್ಮ ಮನೆಗೆ ಬನ್ನಿ. ಹಿತ್ತಲಲ್ಲಿ ನಮ್ಮ ಚಿಗವ್ವ ಇರುತ್ತಾಳೆ. ಮುಖಕ್ಕೆ ಕರಿ ಗಾಜಿನ ಹೆಲ್ಮೆಟ್ಟು, ಮೈಮೇಲೆ ಇಳಕಲ್ ಸೀರೆ, ಅದರ ಮೇಲೆ ನಮ್ಮ ಯಜಮಾನರ ಹಳೇ ಜೀನ್ಸ್ ಅಂಗಿ, ಕೈಯಲ್ಲಿ ವೆಲ್ಡಿಂಗ್ ಗನ್ನು!

ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಗಂಡ ಎಂದೋ ತೀರಿಕೊಂಡ, ಮಕ್ಕಳಿಲ್ಲ. ನನ್ನ ಬಾಣಂತನಕ್ಕೆಂದು ಬಂದವಳು. ಆಗ ಹುಟ್ಟಿದ ಮಗ ಈಗ ಗಡ್ಡ ಬೋಳಿಸಿಕೊಳ್ಳುತ್ತಾನೆ, ಇವಳು ಇನ್ನೂ ಊರಿಗೆ ಹೊರಟಿಲ್ಲ. ನಮ್ಮ ಪಡಸಾಲೆಯಲ್ಲಿ, ಬಚ್ಚಲಮನೆಯ ಗೋಡೆಗೆ ಹತ್ತಿದ ಮೂಲೆಯಲ್ಲಿ ಅವಳ ಹೊಲಿಗೆ ಮಷಿನ್ನು, ಪಕ್ಕದಲ್ಲಿ ಅವಳ ಹಾಸಿಗೆ. ಓಣಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿದು ಕೊಡುತ್ತಾಳೆ, ಅದರ ಜೊತೆಗೆ ಕೇಳದಿದ್ದರೂ ಬುದ್ಧಿಮಾತು ಹೇಳಿ ಕಳಿಸುತ್ತಾಳೆ.

ಹೋದ ಶ್ರಾವಣದಲ್ಲಿ ನನ್ನ ಅವ್ವ ತೀರಿಕೊಂಡಳು. ಬಂದವರೆಲ್ಲರದೂ ಒಂದೇ ಮಾತು: "ಪುಣ್ಯವಂತಿ ಬಿಡವಾ, ಯಾರ ಕೈಲೆ ಸೇವಾ ಮಾಡಿಸಿಕೊಳ್ಳದ ಹೋದ್ಲು. ಅಳಬ್ಯಾಡ." ಪುಣ್ಯವಂತರ ಮಕ್ಕಳಿಗೆ ಅಳುವ ಹಕ್ಕಿಲ್ಲ ಎಂದು ಯಾವ ಶಾಸ್ತ್ರದಲ್ಲಿದೆಯೋ! ದಿನಕರ್ಮ ಮುಗಿದ ಮರುದಿನವೇ ನಮ್ಮ ಯಜಮಾನರು ಟಿವಿ ಹಚ್ಚಿದರು. ಮನೆ ಎಂದರೆ ಒಂದು ಅಡುಗೆಮನೆ, ಒಂದು ಪಡಸಾಲೆ, ಮಕ್ಕಳು ಓದಿದಂತೆ ಮಾಡುವ ಕೋಣೆ ಒಂದು, ಯಜಮಾನರು ಗೊರಕೆ ಹೊಡೆಯುವ ಕೋಣೆ ಇನ್ನೊಂದು. ನಾನು ಎಲ್ಲಿ ಕೂತು ಅಳಬೇಕು? ಒಲೆಯ ಮುಂದೆ ಕಣ್ಣೊರೆಸಿಕೊಂಡರೆ, "ಉಳ್ಳಾಗಡ್ಡಿ ಹೆಚ್ಚಾಕತ್ತಿ ಏನು? ಭಜಿ ಮಾಡ್ತಿ?" ಎಂದು ಆಸೆಯಿಂದ ಕೇಳುವ ಮನೆ ಇದು.

ಉಳಿದದ್ದು ಬಚ್ಚಲಮನೆ. ನಳ ಜೋರಾಗಿ ಬಿಟ್ಟರೆ ಹೊರಗೆ ಏನೂ ಕೇಳುವುದಿಲ್ಲ. ಆದರೆ ನೀರಿಗಾಗಿ ದಿನಗಟ್ಟಲೆ ಕಾಯುವ ನಮ್ಮ ಊರಲ್ಲಿ ನಳ ಬಿಟ್ಟು ಅಳುವುದೂ ದುಂದುಗಾರಿಕೆ. ಜೊತೆಗೆ ಬಾಗಿಲ ಹೊರಗೆ ಪಾಳಿ! "ಅವ್ವಾ, ಲಗೂ ಬಾ, ಕಾಲೇಜಿಗೆ ಹೊತ್ತಾತು!" ಅರ್ಧ ಅತ್ತು, ಅರ್ಧ ನುಂಗಿ, ಮುಖ ತೊಳೆದು ಬರುತ್ತಿದ್ದೆ.

ಚಿಗವ್ವನಾದರೂ ಅತ್ತಳೇ? ಒಡಹುಟ್ಟಿದ ಅಕ್ಕ ಸತ್ತರೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬದಲಿಗೆ ವೆಲ್ಡಿಂಗ್ ಶುರು ಮಾಡಿದಳು!

ಯಾರೋ ಮಿಗ್ ವೆಲ್ಡಿಂಗ್ ಮಾಡುವುದನ್ನು ಫೋನಿನಲ್ಲಿ ನೋಡಿದಳಂತೆ. ಗನ್ನಿನ ಬಾಯಿಂದ ತಂತಿ ತಾನಾಗಿ ಬರುತ್ತದೆ, ಕರಗಿ ಎರಡು ತಗಡನ್ನು ಕೂಡಿಸುತ್ತದೆ. "ಇದರಾಗೇನೈತಿ? ರೀಲಿನಿಂದ ದಾರ ಬರ್ತೈತಿ, ಕೈ ಸಮ ಓಡಸೂದು. ಬಟ್ಟಿ ಬದ್ಲಿ ತಗಡು, ಅಷ್ಟ!" ಎಂದು ಬ್ಲೌಸಿನ ದುಡ್ಡೆಲ್ಲ ಸುರಿದು ಮಷಿನ್ನು ತರಿಸಿಯೇ ಬಿಟ್ಟಳು. ಯಾತಕ್ಕಂತೆ? ನಮ್ಮ ಮೆಟ್ಟಿಲ ಕೆಳಗೆ ಹಳೇ ಟ್ರಂಕು, ಉಪ್ಪಿನಕಾಯಿ ಭರಣಿ ತುಂಬಿದ ಒಂದು ಸಂದಿಯಿದೆ. ಅದಕ್ಕೊಂದು ತಗಡಿನ ಬಾಗಿಲು ಮಾಡುತ್ತಾಳಂತೆ. ಅದೂ ಒಳಗಿನಿಂದ ಚಿಲಕ ಹಾಕುವಂಥದ್ದು!

"ಅತ್ತಿಯವರ, ಸಾಮಾನಿನ ಸಂದಿಗೆ ಒಳಗಿಂದ ಚಿಲಕ ಯಾಕ್ರಿ?" ಯಜಮಾನರು ನಕ್ಕರು. "ಉಪ್ಪಿನಕಾಯಿ ತಾನ ಎದ್ದು ಚಿಲಕ ಹಾಕ್ಕೊಂತೈತೇನು?"

"ಹಾಕ್ಕೊಂತೈತ್ರಿ ಅಳಿಯಂದ್ರ. ಮನಿ ಮಂದಿ ಕಾಟಕ್ಕ," ಎಂದಳು ಚಿಗವ್ವ.

ಈ ವೆಲ್ಡಿಂಗಿಗೆ ಗ್ಯಾಸ್ ಬೇಕು. ಸ್ಕೂಟಿಯ ಸಾರಥ್ಯ ಯಾರದು? ನನ್ನದು! ಹಳೇ ಹುಬ್ಬಳ್ಳಿಯ ಸಂದಿಗೊಂದಿ ಸುತ್ತಿ ಒಂದು ಅಂಗಡಿ ಸಿಕ್ಕಿತು. ಅಂಗಡಿಯವರು ನಮ್ಮಿಬ್ಬರನ್ನೂ ನೋಡಿ, "ಯಜಮಾನ್ರನ್ನ ಕಳಸ್ರಿ ಅಕ್ಕಾರ, ಅವರಿಗೆ ಹೇಳ್ತೀನಿ," ಎಂದರು.

"ನಮ್ಮ ಯಜಮಾನ್ರು ಮ್ಯಾಲೆ ಹೋಗ್ಯಾರ್ರಿ. ನೀವ ಹೋಗಿ ಹೇಳಿ ಬರ್ತೀರೇನು?" ಎಂದಳು ಚಿಗವ್ವ.

ಅವರು ಗಡಬಡಿಸಿ ಎದ್ದು ಕುರ್ಚಿ ಹಾಕಿ, ಗ್ಯಾಸಿನ ಬಗೆಗಳನ್ನು ವಿವರಿಸಿದರು. ಬರೀ ಸಿಓಟೂ, ಅಂದರೆ ಕಾರ್ಬನ್ ಡೈಆಕ್ಸೈಡು, ಸಸ್ತಾ, ಆದರೆ ಕಿಡಿ ಬಹಳ. ಅದಕ್ಕೆ ಆರ್ಗಾನ್ ಬೆರೆಸಿದ್ದು ತುಟ್ಟಿ, ಆದರೆ ತೆಳು ತಗಡಿಗೆ ಛಲೋ, ಬೆಸುಗೆ ನುಣುಪು. ಬರೀ ಆರ್ಗಾನ್ ಅಲ್ಯೂಮಿನಿಯಮ್ಮಿಗೆ. ಚಿಗವ್ವ ಗಲ್ಲಕ್ಕೆ ಕೈಯಿಟ್ಟು ಎಲ್ಲ ಕೇಳಿದಳು, ಕೇಳಿದ್ದನ್ನೇ ಮತ್ತೆ ಕೇಳಿದಳು, ಸಿಲಿಂಡರುಗಳನ್ನು ಒಂದೊಂದಾಗಿ ಬಡಿದು ನೋಡಿದಳು. ನನಗೆ ತಲೆ ಕೆಟ್ಟು, "ಸಸ್ತಾದ್ದು ಕೊಡ್ರಿ, ಕೈಮುಗೀತೀನಿ!" ಎಂದೆ.

"ಆತು, ಅದನ್ನ ಕೊಡ್ರಿ. ಮ್ಯಾಲೆ ಸ್ವಲ್ಪ ಕೊಸರು ಹಾಕ್ರಿ," ಎಂದಳು ಚಿಗವ್ವ.

"ಗ್ಯಾಸಿಗೆಲ್ಲೀ ಕೊಸರ್ರಿ ಅಕ್ಕಾರ!"

"ಯಾಕ? ಮೆಂತೇಪಲ್ಲೆ ಮಾರೋ ಮುದುಕಿ ಹಾಕ್ತಾಳ. ನೀವು ಗಾಳಿ ಮಾರಾವ್ರು, ಒಂದ್ ಮುಷ್ಟಿ ಗಾಳಿಗೆ ಹಿಂದಮುಂದ ನೋಡ್ತೀರಿ!"

ಪುಣ್ಯಾತ್ಮರು ಕೊಸರಿನ ಬದಲು ಒಂದು ಜೊತೆ ತೊಗಲಿನ ಕೈಗವಸು ಕೊಟ್ಟು ನಮ್ಮನ್ನು ಸಾಗಹಾಕಿದರು.

ಹಿತ್ತಲಲ್ಲಿ ಕೆಲಸ ಶುರುವಾಯಿತು. ಬೇಸಿಗೆಯ ಸೆಕೆ. ಮದುವೆಯಾದಾಗಿನಿಂದ ನನ್ನ ಕಡೆ ಒಮ್ಮೆಯೂ ಫ್ಯಾನು ತಿರುಗಿಸದ ನಮ್ಮ ಯಜಮಾನರಿಗೆ ಅಂದು ಏನು ದಯೆ ಹುಟ್ಟಿತೋ, ಟೇಬಲ್ ಫ್ಯಾನು ತಂದು ಚಿಗವ್ವನ ಕಡೆ ಹಚ್ಚಿಟ್ಟರು. ಬೆಸುಗೆಯೆಲ್ಲ ಜರಡಿಯಾಯಿತು! ಚಿಗವ್ವ ಹೆಲ್ಮೆಟ್ಟು ಎತ್ತಿ ಕೂಗಿದಳು: "ಅಳಿಯಂದ್ರ, ಮೊದಲ ಅದನ್ನ ಬಂದ್ ಮಾಡ್ರಿ! ಕರಗಿದ ಕಬ್ಬಣಕ್ಕ ಗಾಳಿ ತಾಗಬಾರ್ದು. ತಾಗಿದ್ರ ಒಳಗೆಲ್ಲಾ ತೂತು ಬೀಳ್ತಾವು. ಅದು ಆರಿ ಗಟ್ಟಿ ಆಗೂತನಾ ಸುತ್ತ ಯಾರೂ ಸುಳೀಬಾರ್ದಂತನ ಗ್ಯಾಸ್ ಬಿಡೂದು!"

ಯಜಮಾನರು ಫ್ಯಾನು ಹೊತ್ತುಕೊಂಡು ಒಳಗೆ ಹೋದರು. ಆ ದಯೆ ಮತ್ತೆ ಹುಟ್ಟಲಿಲ್ಲ.

ಫ್ಯಾನು ಹೋಯಿತು, ಹುಬ್ಬಳ್ಳಿಯ ಗಾಳಿ ಎಲ್ಲಿ ಹೋಗಬೇಕು? ಅದನ್ನು ತಡೆಯಲು ಚಿಗವ್ವ ಹಗ್ಗದ ಮೇಲೆ ಒಂದು ಕೌದಿ ಇಳಿಬಿಟ್ಟಳು. ನೋಡಿದರೆ ಅವ್ವನ ಕೌದಿ! ಅವ್ವ ತನ್ನ ಹಳೇ ಸೀರೆಗಳನ್ನು ಕೂಡಿಸಿ ಕೈಯಾರೆ ಹೊಲಿದದ್ದು. ನಾನು ಓಡಿ ಬರುವಷ್ಟರಲ್ಲಿ ಕಿಡಿಯೊಂದು ಹಾರಿ, ಅವ್ವ ನನ್ನ ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆಯ ತುಂಡಿನಲ್ಲಿ ತೂತು ಬಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. "ನಿನಗ ಕರಳ ಐತೋ ಇಲ್ಲೋ? ಅಕ್ಕ ಸತ್ರ ಅಳಲಿಲ್ಲ. ಈಗ ಆಕಿ ಸೀರಿನೂ ಸುಡಾಕತ್ತಿ!"

ಚಿಗವ್ವ ಹೆಲ್ಮೆಟ್ಟು ತೆಗೆದಳು. ಆ ತೂತಿನ ಮೇಲೆ ಬೆರಳಾಡಿಸಿದಳು. "ನಾಳೆ ಆ ತುಟ್ಟಿ ಗ್ಯಾಸ್ ತರೂಣು. ಇದು ಕಿಡಿ ಭಾಳ ಹಾರಸ್ತೈತಿ," ಎಂದಳು. ನಾನು ಕೇಳಿದ್ದೇನು, ಇವಳು ಹೇಳುವುದೇನು! ಎರಡು ದಿನ ನಾನು ಅವಳನ್ನು ಮಾತಾಡಿಸಲಿಲ್ಲ. ಸ್ಕೂಟಿ ಮಾತ್ರ ಓಡಿಸಿದೆ.

ಈ ಸಲ ಅವಳು ಚೀಲದಲ್ಲಿ ತಗಡಿನ ತುಂಡುಗಳನ್ನು ಕಟ್ಟಿಕೊಂಡು ಬಂದಿದ್ದಳು. ಅಂಗಡಿಯ ಪಕ್ಕದ ವರ್ಕ್‌ಶಾಪಿನಲ್ಲಿ ಬೆರೆಸಿದ ಗ್ಯಾಸಿನಿಂದ ಅವನ್ನು ಬೆಸೆಯಿಸಿದಳು. ಆರಿದ ಮೇಲೆ ಮುಂಬದಿ ನೋಡಲಿಲ್ಲ, ತಿರುಗಿಸಿ ಹಿಂಬದಿಯನ್ನೇ ಸವರಿದಳು. "ಹಾಂ, ಇದು ಛಲೋ. ಒಳಗ ಕುಂತವರ ಬೆನ್ನಿಗೆ ಚುಚ್ಚಬಾರ್ದು."

"ಸಾಮಾನಿನ ಕೋಣಿ ಅಂದ್ರಿ. ಒಳಗ ಯಾರು ಕುಂದರ್ತಾರ್ರಿ?" ಎಂದರು ಅಂಗಡಿಯವರು.

"ಉಪ್ಪಿನಕಾಯಿ," ಎಂದಳು ಚಿಗವ್ವ.

ಬಾಗಿಲು ಮುಗಿಯಿತು. ಸ್ವಲ್ಪ ಸೊಟ್ಟಗಿತ್ತು, ಆದರೆ ಬೆಸುಗೆ ಅವಳ ಹೊಲಿಗೆಯ ಹಾಗೆಯೇ ನೆಟ್ಟಗಿತ್ತು. ಅದನ್ನು ಸಂದಿಗೆ ಕೂಡಿಸಿದ ದಿನ ಯಜಮಾನರು, "ಉಪ್ಪಿನಕಾಯಿಗೆ ಗೃಹಪ್ರವೇಶ!" ಎಂದು ನಕ್ಕು ಪೇಟೆಗೆ ಹೋದರು. ಮಕ್ಕಳೂ ಮನೆಯಲ್ಲಿರಲಿಲ್ಲ. ಚಿಗವ್ವ ನನ್ನನ್ನು ಕೂಗಿದಳು.

ಒಳಗೆ ಟ್ರಂಕೂ ಇಲ್ಲ, ಭರಣಿಯೂ ಇಲ್ಲ. ನೆಲ ಸಾರಿಸಿದಂತಿತ್ತು. ಅದರ ಮೇಲೆ ಅವ್ವನ ಕೌದಿ ಹಾಸಿತ್ತು. ಸುಟ್ಟ ತೂತಿಗೆ ಚಿಗವ್ವ ತನ್ನ ಸೀರೆಯ ತುಂಡು ಹಚ್ಚಿ ಹೊಲಿದಿದ್ದಳು.

"ಹೋಗು, ಕುಂದ್ರು ಒಳಗ."

"ನಾ ಯಾಕ? ಇದು ನಿನ್ನ ಕೋಣಿ ಅಲ್ಲೇನು?"

"ನನ್ನ ಹಾಸಿಗಿ ಬಚ್ಚಲದ ಗ್ವಾಡಿ ಬಾಜೂಕ ಐತಿ ಮಗಳ. ನಳದ ಸಪ್ಪಳದಾಗ ನೀ ಅಳೂದು ಕೇಳೂದಿಲ್ಲಂತ ತಿಳಕೊಂಡಿ ಏನು?" ಎಂದಳು ಚಿಗವ್ವ. "ದಿನಾ ಅರ್ಧಾ ಅತ್ತು ಹೊರಗ ಬರ್ತಿ. ಚಿಲಕ ಹಾಕ್ಕೋ. ಸಾವಕಾಶ ಅಳು. ಯಾರರ ಬಂದ್ರ ನಾ ಅದೀನಿ."

ನಾನು ಒಳಗೆ ಹೋಗಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಎಲ್ಲಿಯೂ ಚುಚ್ಚಲಿಲ್ಲ. ಅವ್ವ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ.

ಬಾಗಿಲ ಆ ಕಡೆ ನೆಲದ ಮೇಲೆ ಯಾರೋ ಕೂತ ಸಪ್ಪಳವಾಯಿತು. ಸ್ವಲ್ಪ ಹೊತ್ತಿನ ಮೇಲೆ ಚಿಗವ್ವನ ದನಿ ಕೇಳಿಸಿತು.

"ನಿಂದು ಮುಗದ ಮ್ಯಾಲೆ ಹೇಳು."

"ಯಾಕ ಚಿಗವ್ವಾ?"

"ಆಮ್ಯಾಲೆ ನನ್ನ ಪಾಳಿ ಐತಿ," ಎಂದಳು.

ನಾನು ಚಿಲಕ ತೆಗೆದು, ಕೈ ಹಿಡಿದು ಅವಳನ್ನು ಒಳಗೆ ಎಳೆದುಕೊಂಡೆ.